ಬೇಸಿಗೆಯ ಕೂಟಕ್ಕೆ ಮನೆಯ ಶರಬತ್ತಿನ ಮೇಜು



ಮಕ್ಕಳ ಪರೀಕ್ಷೆ ಮುಗಿಯಿತು. ಊರಿಗೆ ಹೋಗಲು ರೈಲಿನ ಟಿಕೆಟು ಸಿಕ್ಕವರು ಹೊರಟರು, ಸಿಗದವರು ಮುಂಬಯಿಯ ಬೆವರಿನಲ್ಲೇ ಉಳಿದರು. ಉಳಿದವರ ಮನೆಯಲ್ಲೂ ಹುಟ್ಟುಹಬ್ಬ, ನಾಮಕರಣ, ಸೊಸೈಟಿಯ ಸಂಜೆಕೂಟ ಎಂದು ಏನಾದರೊಂದು ಇದ್ದೇ ಇರುತ್ತದೆ. ಬಂದವರಿಗೆ ಬಾಟಲಿಯ ಕೋಲಾ ಸುರಿದುಕೊಡುವ ಬದಲು ಈ ಸಲ ಹಾಲಿನ ಮೂಲೆಯಲ್ಲೋ ಟೆರೇಸಿನಲ್ಲೋ ಒಂದು ಮೇಜು ಹಾಕಿ, ನಿಂಬೆ ಶರಬತ್ತನ್ನು ನಾಲ್ಕಾರು ರುಚಿಗಳಲ್ಲಿ ಇಟ್ಟು ನೋಡಿ. ಇದೇನೂ ನಮಗೆ ಹೊಸದಲ್ಲ. ರಾಮನವಮಿಯ ದಿನ ಪಾನಕ, ಮಜ್ಜಿಗೆ, ಕೋಸಂಬರಿ ಸಾಲಾಗಿಟ್ಟು ಬಂದವರಿಗೆಲ್ಲ ಹಂಚುವವರು ನಾವೇ ಅಲ್ಲವೇ?

ಆದರೆ ರುಚಿಯ ಮಾತಿಗೆ ಮೊದಲು ನೀರಿನ ಮಾತು.

2019ರ ಮಾರ್ಚ್ ತಿಂಗಳು ನಿಮಗೆ ನೆನಪಿರಬಹುದು. ಕುರ್ಲಾ ಸ್ಟೇಷನ್ನಿನ ಮಳಿಗೆಯೊಂದರ ಶರಬತ್ತನ್ನು ಕೊಳಕು ರೀತಿಯಲ್ಲಿ ತಯಾರಿಸುತ್ತಿದ್ದ ವಿಡಿಯೋ ಊರೆಲ್ಲ ಹರಿದಾಡಿತು. ಆ ಬಳಿಕ ಮಧ್ಯ ರೈಲ್ವೆ ತನ್ನ ಸ್ಟೇಷನ್ನುಗಳಲ್ಲಿ ನಿಂಬೆ ಶರಬತ್ತು, ಕಾಲಾ ಖಟ್ಟಾಗಳ ಮಾರಾಟವನ್ನೇ ನಿಲ್ಲಿಸಿತು. ಅಲ್ಲಿ ತಪ್ಪು ನಿಂಬೆಯದಲ್ಲ, ನೀರು ಮತ್ತು ಕೈಯದು. ಅದೇ ತಪ್ಪು ನಮ್ಮ ಮನೆಯಲ್ಲೂ ಆಗಬಹುದು. ನಿಂಬೆಯ ಹುಳಿ ಕ್ರಿಮಿಗಳನ್ನು ಕೊಲ್ಲುತ್ತದೆಂದು ನಂಬಿ ಕೂರಬೇಡಿ. ಕೂಟಕ್ಕೆ ಬರುವವರಲ್ಲಿ ಪುಟ್ಟ ಮಕ್ಕಳೂ ಇರುತ್ತಾರೆ, ಅಜ್ಜ ಅಜ್ಜಿಯರೂ ಇರುತ್ತಾರೆ. ಒಂದು ಲೋಟದಿಂದ ಅವರ ಹೊಟ್ಟೆ ಕೆಟ್ಟರೆ ನಮ್ಮ ಸತ್ಕಾರಕ್ಕೆ ಅರ್ಥವೇನು ಉಳಿಯಿತು?

ಆದ್ದರಿಂದ ಬೇಕಾದ ನೀರನ್ನೆಲ್ಲ ಹಿಂದಿನ ದಿನವೇ ಕೊತಕೊತ ಕುದಿಸಿ, ಮುಚ್ಚಿಟ್ಟು ಆರಿಸಿ. ಕುದಿ ಬಂದ ಮೇಲೆ ಕನಿಷ್ಠ ಒಂದು ನಿಮಿಷವಾದರೂ ಉರಿ ಆರಿಸಬೇಡಿ.

ಮಂಜುಗಡ್ಡೆಯೂ ನೀರೇ ಎಂಬುದು ಅನೇಕರಿಗೆ ಮರೆತುಹೋಗುತ್ತದೆ. ಫ್ರೀಜರಿನ ತಣ್ಣನೆಗೆ ರೋಗಾಣುಗಳು ಸಾಯುವುದಿಲ್ಲ, ಸುಮ್ಮನೆ ಮಲಗಿರುತ್ತವೆ. ಮೀನು ಮತ್ತಿತರ ಸಾಮಾನು ಕೆಡದಂತೆ ಇಡಲು ಬಳಸುವ ಮಂಜುಗಡ್ಡೆ ಶರಬತ್ತಿನ ಲೋಟಕ್ಕೆ ಸೇರಬಾರದೆಂದೇ, ಅಂಥದ್ದಕ್ಕೆ ನೀಲಿ ಬಣ್ಣ ಬೆರೆಸಬೇಕೆಂದು ಮಹಾರಾಷ್ಟ್ರದ ಆಹಾರ ಮತ್ತು ಔಷಧ ಆಡಳಿತ 2018ರಲ್ಲಿ ನಿಯಮ ಮಾಡಿತು. ಬಣ್ಣವಿಲ್ಲದ್ದೆಲ್ಲ ಶುದ್ಧ ಎಂದು ಇದರ ಅರ್ಥವಲ್ಲ. ನೀವು ಒಂದು ಸುಲಭ ನಿಯಮ ಇಟ್ಟುಕೊಳ್ಳಿ: ಕೊಂಡ ಮಂಜುಗಡ್ಡೆ ಪಾತ್ರೆಯ ಹೊರಗೆ, ಮನೆಯ ಮಂಜುಗಡ್ಡೆ ಲೋಟದ ಒಳಗೆ. ಬಕೆಟ್ಟಿನಲ್ಲಿ ಕೊಂಡ ಐಸ್ ತುಂಬಿ ಅದರ ನಡುವೆ ನೀರಿನ ಸ್ಟೀಲ್ ಪಾತ್ರೆಯನ್ನು ಮುಚ್ಚಿ ಇಡಿ. ಲೋಟಕ್ಕೆ ಹಾಕುವುದನ್ನು ಕುದಿಸಿ ಆರಿಸಿದ ನೀರಿನಿಂದ ಮೂರು ದಿನ ಮೊದಲೇ ಮಾಡಲು ಶುರುಮಾಡಿ. ನಮ್ಮ ಫ್ಲಾಟುಗಳ ಫ್ರಿಜ್ಜು ಚಿಕ್ಕದು, ಪಕ್ಕದ ಮನೆಯವರ ಫ್ರೀಜರಿನಲ್ಲೂ ಒಂದು ಡಬ್ಬಿಗೆ ಜಾಗ ಕೇಳಿ. ಮಡಕೆಯನ್ನೇ ನೆಚ್ಚಬೇಡಿ. ಕಲಬುರ್ಗಿಯ ಒಣ ಬಿಸಿಲಿನಲ್ಲಿ ಮಡಕೆಯ ನೀರು ತಂಪಾಗುವಷ್ಟು ಕಡಲ ಬದಿಯ ಈ ತೇವದ ಗಾಳಿಯಲ್ಲಿ ಆಗುವುದಿಲ್ಲ.

ಇನ್ನು ಲೆಕ್ಕ. 25 ಜನ, ತಲೆಗೆ ಎರಡು ಲೋಟ ಎಂದರೆ 50 ಲೋಟ. ಇದಕ್ಕೆ ಮಧ್ಯಮ ಗಾತ್ರದ 35ರಿಂದ 40 ನಿಂಬೆಹಣ್ಣು, ಒಂದು ಕಿಲೋ ಸಕ್ಕರೆ, ಬೆರೆಸಲು 8 ಲೀಟರ್ ನೀರು, ಐಸಿಗೆ ಮತ್ತೆ 3 ಲೀಟರ್ ಸಾಕು. ಒಂದು ಕಿಲೋ ಸಕ್ಕರೆಗೆ ಒಂದು ಲೀಟರ್ ನೀರು ಹಾಕಿ ಕರಗುವವರೆಗೆ ಕುದಿಸಿ. ಎಳೆ ಪಾಕ ಬರಬೇಕಾಗಿಲ್ಲ. ತಣ್ಣೀರಿನಲ್ಲಿ ಸಕ್ಕರೆ ನಿಧಾನವಾಗಿ ಕರಗಿ ಲೋಟದ ತಳದಲ್ಲೇ ಕೂರುತ್ತದೆ, ಪಾಕವಾದರೆ ಕೂಡಲೇ ಬೆರೆಯುತ್ತದೆ. ನಿಂಬೆಯನ್ನು ಮಾತ್ರ ಅದೇ ದಿನ ಹಿಂಡಿ. ಸಿಪ್ಪೆಯನ್ನು ಜೋರಾಗಿ ಹಿಸುಕದೆ, ಬೀಜ ತೆಗೆದು ಸೋಸಿಡಿ. ಇಲ್ಲದಿದ್ದರೆ ಸಂಜೆಯ ಹೊತ್ತಿಗೆ ಕಹಿ ಬರುತ್ತದೆ. ರಸಕ್ಕೆ ಗಾಜು ಅಥವಾ ಸ್ಟೀಲ್ ಪಾತ್ರೆಯೇ ಆಗಬೇಕು. ಅಲ್ಯೂಮಿನಿಯಂ ಬೇಡ, ಕಲಾಯಿ ಹೋದ ಹಿತ್ತಾಳೆಯಂತೂ ಬೇಡವೇ ಬೇಡ.

ಪಾಕವನ್ನು ನಾಲ್ಕು ಪಾಲು ಮಾಡಿ. ಒಂದು ಪಾಲು ಹಾಗೇ ಇರಲಿ. ಇನ್ನೊಂದಕ್ಕೆ ಜಜ್ಜಿದ ಹಸಿಶುಂಠಿ ಹಾಕಿ ಐದು ನಿಮಿಷ ಕುದಿಸಿ ಸೋಸಿ. ಮೂರನೆಯದಕ್ಕೆ, ಒಲೆ ಆರಿಸಿದ ಮೇಲೆ ತೊಳೆದ ಪುದೀನಾ ಎಲೆ ಹಾಕಿ ಇಪ್ಪತ್ತು ನಿಮಿಷ ಮುಚ್ಚಿಟ್ಟು ಸೋಸಿ, ಎಲೆಯನ್ನು ಕುದಿಸಬೇಡಿ. ನಾಲ್ಕನೆಯದಕ್ಕೆ ಏಲಕ್ಕಿ, ಎರಡೆಳೆ ಕೇಸರಿ. ಇವುಗಳ ಪಕ್ಕದಲ್ಲಿ ಪುನರ್ಪುಳಿಯ ಸಿಹಿ ಸಿರಪ್ ಇರಲಿ. ಇಲ್ಲಿನ ಅಂಗಡಿಯಲ್ಲಿ ಕೊಳ್ಳುವಾಗ 'ಅಮೃತ ಕೋಕಂ' ಎಂದು ಕೇಳಿ. 'ಆಗಳ್' ಎಂದರೆ ಉಪ್ಪು ಬೆರೆತ ರಸ, ಅದು ಸೋಲ್‌ಕಢಿಗೆ ಹೊಂದುವಂಥದ್ದು. ಲಾವಂಚದ ಬೇರು ಸಿಕ್ಕರೆ ಚೆನ್ನಾಗಿ ತೊಳೆದು, ಕುದಿಸಿ ಆರಿಸಿದ ನೀರಿನಲ್ಲಿ ರಾತ್ರಿ ನೆನೆಹಾಕಿ. ಆ ನೀರಿನ ಪರಿಮಳಕ್ಕೆ ಬೇರೆ ಯಾವ ಎಸೆನ್ಸೂ ಸಮವಲ್ಲ. 2022ರ ಏಪ್ರಿಲ್‌ನಲ್ಲಿ ಆದಂತೆ ನಿಂಬೆಯ ಬೆಲೆ ಗಗನಕ್ಕೇರಿದರೆ ಪುನರ್ಪುಳಿ, ಬೇಯಿಸಿ ಕಿವುಚಿದ ಮಾವಿನಕಾಯಿ ನಿಮ್ಮ ಕೈಹಿಡಿಯುತ್ತವೆ.

ಮೇಜಿನ ಮೇಲೆ ಎಲ್ಲವೂ ಬೇರೆ ಬೇರೆಯಾಗಿಯೇ ಇರಲಿ. ಮೊದಲು ಲೋಟ, ನಂತರ ನಿಂಬೆರಸ, ಪಾಕಗಳು, ತಣ್ಣೀರು, ಕೊನೆಗೆ ಐಸ್. ಒಂದು ಲೋಟಕ್ಕೆ ಒಂದು ದೊಡ್ಡ ಚಮಚ ರಸ, ಎರಡು ಚಮಚ ಪಾಕ, ಮುಕ್ಕಾಲು ಲೋಟ ನೀರು ಎಂದು ಚೀಟಿಯಲ್ಲಿ ಬರೆದು ಅಂಟಿಸಿ. ಸೋಡಾ ಬೇಕೆನ್ನುವವರು ನೀರಿನ ಬದಲು ಅದನ್ನೇ ಕೊನೆಯಲ್ಲಿ ಸುರಿದುಕೊಳ್ಳಲಿ. ಚಿಕ್ಕ ಬಟ್ಟಲುಗಳಲ್ಲಿ ಉಪ್ಪು, ಕಪ್ಪುಪ್ಪು, ಹುರಿದ ಜೀರಿಗೆ ಪುಡಿ, ಕಾಳುಮೆಣಸಿನ ಪುಡಿ ಇಡಿ. ಕಾಮಕಸ್ತೂರಿ ಬೀಜವನ್ನು ಕಾಲು ಗಂಟೆ ನೆನೆಸಿ, ಪೂರ್ತಿ ಉಬ್ಬಿದ ಮೇಲಷ್ಟೇ ಇಡಿ.

ಹೀಗೆ ಬೇರೆ ಬೇರೆ ಇಡುವುದರಲ್ಲಿ ಒಂದು ದೊಡ್ಡ ಉಪಕಾರವಿದೆ. ಎಲ್ಲವನ್ನೂ ಒಟ್ಟಿಗೆ ಬೆರೆಸಿಟ್ಟರೆ ಸಕ್ಕರೆ ಕಾಯಿಲೆಯ ಮಾವನವರು 'ನನಗೆ ಬೇಡಮ್ಮ' ಎಂದು ಬರಿಗೈಯಲ್ಲಿ ಕೂರಬೇಕಾಗುತ್ತದೆ. ಇಲ್ಲಾದರೆ ಪಾಕ ಬಿಟ್ಟು ರಸ, ಜೀರಿಗೆ, ಪುದೀನಾ ಎಲೆ ಹಾಕಿಕೊಂಡು ಅವರೂ ಎಲ್ಲರ ಜೊತೆ ಕುಡಿಯಬಹುದು. ರಕ್ತದೊತ್ತಡ ಇರುವವರು ಉಪ್ಪು ಬಿಡಬಹುದು. ಆಡಿ ಬೆವರಿ ಬಂದ ಮಕ್ಕಳು ಚಿಟಿಕೆ ಉಪ್ಪು ಹಾಕಿಕೊಳ್ಳಬಹುದು.

ಕೊನೆಯದಾಗಿ ಎರಡು ಮಾತು. ಬಳಸಿ ಬಿಸಾಡುವ ಪ್ಲಾಸ್ಟಿಕ್ ಲೋಟಗಳಿಗೆ ಮಹಾರಾಷ್ಟ್ರದಲ್ಲಿ 2018ರಿಂದ ನಿಷೇಧವಿದೆ, ಮನೆಯ ಸ್ಟೀಲ್ ಲೋಟಗಳನ್ನೇ ಇಳಿಸಿ. ಐಸನ್ನು ಯಾರೂ ಕೈಯಿಂದ ಎತ್ತದಂತೆ ಒಂದು ಇಕ್ಕಳ ಇಡಿ, ಅದರ ಉಸ್ತುವಾರಿಯನ್ನು ಮನೆಯ ದೊಡ್ಡ ಮಗುವಿಗೆ ಒಪ್ಪಿಸಿ. ಮಕ್ಕಳಷ್ಟು ಕಟ್ಟುನಿಟ್ಟಿನ ಕಾವಲುಗಾರರು ಬೇರೆ ಸಿಗುವುದಿಲ್ಲ.

ಬಂದವರು ಲೋಟ ಹಿಡಿದು 'ಐಸ್ ಎಲ್ಲಿಯದು?' ಎಂದು ಕೇಳಿಯೇ ಕೇಳುತ್ತಾರೆ, ಇದು ಮುಂಬಯಿ. 'ನಮ್ಮ ಮನೆಯದೇ, ಕುದಿಸಿದ ನೀರಿನದು' ಎಂದು ಧೈರ್ಯವಾಗಿ ಹೇಳಿ. ಎರಡನೆಯ ಲೋಟಕ್ಕೆ ಅವರೇ ಮೇಜಿನ ಕಡೆ ಬರುತ್ತಾರೆ. ಪಕ್ಕದಲ್ಲಿ ರೇಡಿಯೋ ಹಚ್ಚಿಡುವುದನ್ನು ಮಾತ್ರ ಮರೆಯಬೇಡಿ!