ಮಗಳ ಪಾಲೂ ಮನೆತನದ ಸಂಪ್ರದಾಯವೂ

"ಹೆಣ್ಣುಮಕ್ಕಳು ಆಸ್ತಿಯಲ್ಲಿ ಪಾಲು ಕೇಳುವುದು ಪರದೇಶದಿಂದ ಬಂದ ಬುದ್ಧಿ, ನಮ್ಮ ಸಂಪ್ರದಾಯಕ್ಕೆ ಸಲ್ಲದು" ಎಂಬ ಮಾತು ಅನೇಕ ಮನೆಗಳಲ್ಲಿ ಕೇಳಿಬರುತ್ತದೆ. ವಾಚಕ ಮಹಾಶಯರು ಇದನ್ನು ತುಸು ವಿಚಾರಿಸಿ ನೋಡಬೇಕೆಂದು ನಾವು ಬಿನ್ನವಿಸುತ್ತೇವೆ.

ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದು ಬೀದರ ಜಿಲ್ಲೆಗೆ ಸೇರಿರುವ ಕಲ್ಯಾಣದಲ್ಲಿ, ವಿಜ್ಞಾನೇಶ್ವರನು 'ಮಿತಾಕ್ಷರಾ' ಎಂಬ ಧರ್ಮಶಾಸ್ತ್ರ ವ್ಯಾಖ್ಯಾನವನ್ನು ರಚಿಸಿದನು. ಪಿತ್ರಾರ್ಜಿತದಲ್ಲಿ ಜನ್ಮದಿಂದ ಬರುವ ಹಕ್ಕನ್ನು ಅವನು ಪುತ್ರರಿಗೇ ಹೇಳಿದನೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಸ್ತ್ರೀಗೆ ದಾಯವಾಗಿ, ಕ್ರಯದಿಂದ, ವಿಭಾಗದಿಂದ ಬಂದುದೆಲ್ಲವೂ ಸ್ತ್ರೀಧನವೇ ಎಂದು ವಿವರಿಸಿದವನೂ ಅವನೇ. ಈ ಉದಾರವಾದ ಅರ್ಥವನ್ನು ಕುಗ್ಗಿಸಿದವರು ಯಾರು? 1903ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲು, ದಾಯವಾಗಿ ಬಂದುದು ಸ್ತ್ರೀಧನವಾಗದೆಂದು ತೀರ್ಪಿತ್ತಿತು! ಪರದೇಶದಿಂದ ಬಂದುದು ಹಕ್ಕಲ್ಲ, ಹಕ್ಕಿನ ಸಂಕೋಚವೇ.

ಮೈಸೂರು ಸಂಸ್ಥಾನವಾದರೋ 1933ರಲ್ಲಿಯೇ ಕಾನೂನು ಮಾಡಿ, ತಾಯಿಗೂ ಅವಿವಾಹಿತ ಪುತ್ರಿಯರಿಗೂ ವಿಭಾಗದಲ್ಲಿ ಅಂಶವನ್ನು ಕೊಟ್ಟಿತು. 2005ರ ತಿದ್ದುಪಡಿಯಿಂದ, ಹಿಂದೂ ಅವಿಭಕ್ತ ಕುಟುಂಬದಲ್ಲಿ ವಿವಾಹಿತೆಯಾದ ಮಗಳೂ ಮಗನಂತೆ ಹುಟ್ಟಿನಿಂದಲೇ ಸಮಾನ ಹಕ್ಕುದಾರಳಾಗಿದ್ದಾಳೆ.

ಆದರೂ ಎಷ್ಟೋ ಹೆಣ್ಣುಮಕ್ಕಳು, ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆಯಿಂದ ಹಕ್ಕು ಬಿಡುಗಡೆ ಪತ್ರಕ್ಕೆ ರುಜು ಹಾಕುತ್ತಾರೆ. ತಿಳಿದು, ಮನಸಾರೆ ಬಿಟ್ಟುಕೊಟ್ಟರೆ ಅದು ತ್ಯಾಗ. ಅಂಜಿ ಬಿಟ್ಟುಕೊಟ್ಟರೆ ನಷ್ಟ. ಆದುದರಿಂದ ಪತ್ರವನ್ನು ಮುಂದಿಡುವ ಮೊದಲು ಅವಳ ಹಕ್ಕೇನೆಂಬುದನ್ನು ಅವಳಿಗೆ ತಿಳಿಸುವುದು ಹಿರಿಯರ ಧರ್ಮ. ಪಾಲು ಕೊಟ್ಟ ಮಾತ್ರಕ್ಕೆ ಗೌರಿಹಬ್ಬದ ಬಾಗಿನವು ನಿಲ್ಲಬೇಕೆಂದು ಯಾವ ಸಂಪ್ರದಾಯವೂ ಹೇಳಿಲ್ಲ.