ಹೊರದೇಶದ ಓದಿಗೆ ಮೊದಲು ಹೆಸರು ಸರಿ ಮಾಡಿಕೊಳ್ಳಿ

ಮಾಂಬಳ್ಳಿಯಿಂದ ಬಸ್ಸು ಹಿಡಿದು ಕಾಲೇಜಿಗೆ ಹೋಗುವವರಿಗೂ ಹೊರದೇಶದಲ್ಲಿ ಸ್ನಾತಕೋತ್ತರ ಓದುವ ಆಸೆ ಇದ್ದೇ ಇರುತ್ತದೆ. ಅಂಕಗಳು ಚೆನ್ನಾಗಿದ್ದರೂ ಹಲವರು ಎಡವುವುದು ಕಾಗದಪತ್ರಗಳಲ್ಲಿ.

ಮೊದಲನೆಯದು ಹೆಸರು. ಅಂಕಪಟ್ಟಿಯಲ್ಲಿ ‘ಮಹದೇವಸ್ವಾಮಿ ಎಂ.’ ಎಂದಿದ್ದರೆ ನಮ್ಮಲ್ಲಿ ನಡೆಯುತ್ತದೆ. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ ಬರೆಯಬೇಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಪಾಸ್‌ಪೋರ್ಟ್‌ಗಳಲ್ಲಿ ಹೆಸರು ಒಂದೇ ಇರಲಿ. ತಿದ್ದುಪಡಿಗೆ ತಿರುಗಾಟ ತಪ್ಪಿದ್ದಲ್ಲ.

ಎರಡನೆಯದು ವರ್ಷಗಳ ಲೆಕ್ಕ. ಅಮೆರಿಕದ ಹಲವು ವಿಶ್ವವಿದ್ಯಾಲಯಗಳು 16 ವರ್ಷಗಳ ಓದು ಕೇಳುತ್ತವೆ. ಪಿಯುಸಿ ನಂತರ 3 ವರ್ಷದ ಬಿ.ಎಸ್ಸಿ., ಬಿ.ಕಾಂ. ಮುಗಿಸಿದರೆ ನಮ್ಮದು 15. ಬ್ರಿಟನ್ನಿನಲ್ಲಿ ಹಲವೆಡೆ ಈ ಪದವಿ ಸಾಕು. ಅರ್ಜಿ ಶುಲ್ಕ ಕಟ್ಟುವ ಮೊದಲೇ ಇದನ್ನು ನೋಡಿಕೊಳ್ಳಿ.

ಐಇಎಲ್‌ಟಿಎಸ್, ಟೋಫೆಲ್ ಅಂಕಗಳು 2 ವರ್ಷ, ಜಿಆರ್‌ಇ ಅಂಕಗಳು 5 ವರ್ಷ ಚಾಲ್ತಿಯಲ್ಲಿರುತ್ತವೆ. ಟ್ರಾನ್ಸ್‌ಕ್ರಿಪ್ಟನ್ನು ಪದವಿ ಕೊಟ್ಟ ವಿಶ್ವವಿದ್ಯಾಲಯದಿಂದಲೇ ಪಡೆಯಬೇಕು.

ದುಡ್ಡಿನ ಚಿಂತೆಯೇ? ಪರಿಶಿಷ್ಟ ಜಾತಿ, ಭೂರಹಿತ ಕೃಷಿ ಕಾರ್ಮಿಕ ಕುಟುಂಬ ಮುಂತಾದವರಿಗೆ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವಿದೆ. ಅದಕ್ಕೆ ಪದವಿಯಲ್ಲಿ ಶೇ 60 ಅಂಕ ಬೇಕು, ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿ ಮೀರಬಾರದು.

ಇವೆಲ್ಲ ಪದವಿ ಮುಗಿದ ಮೇಲೆ ನೋಡೋಣ ಎನ್ನಬೇಡಿ. ಅಂತಿಮ ವರ್ಷದ ತರಗತಿ ಶುರುವಾಗುವ ವಾರವೇ ಅಂಕಪಟ್ಟಿ ಹಿಡಿದು ಹೆಸರು ನೋಡಿಕೊಳ್ಳಿ.