ಕೆಂಪು ಕಲ್ಲಿನೊಳಗಿನ ಹೊಳೆ

ಬೀದರ್ ಕೋಟೆಯ ಕಂದಕವನ್ನು ಬಗ್ಗಿ ನೋಡಿದರೆ ಕಲ್ಲಿನ ಗಣಿಯೊಂದನ್ನು ನೋಡಿದಂತಾಗುತ್ತದೆ. 15ನೇ ಶತಮಾನದಲ್ಲಿ ಬಹಮನಿಗಳು ಇಲ್ಲಿ ರಾಜಧಾನಿ ಕಟ್ಟುವಾಗ ಬಂಡೆಯನ್ನೇ ಕಡಿದು ತೋಡಿದ ಕಂದಕ ಅದು. ಒಂದು ಬದಿಯಲ್ಲಂತೂ ಮೂರು ಸಾಲು, ನಡುವೆ ಕಡಿಯದೆ ಬಿಟ್ಟ ಬಂಡೆಯ ಗೋಡೆಗಳು. ಆದರೆ ಬೀದರಿನವರ ಅಗೆತದ ನಿಜವಾದ ಕೈಚಳಕ ಇರುವುದು ಕಣ್ಣಿಗೆ ಬೀಳದ ಕಡೆ.

ಊರು ನಿಂತಿರುವುದು ಜಂಬಿಟ್ಟಿಗೆ ಕಲ್ಲಿನ ಗುಡ್ಡದ ಮೇಲೆ. ತೂತು ತೂತಾದ ಈ ಕೆಂಪು ಕಲ್ಲು ನೆಲದಡಿಯಲ್ಲಿ ಮೆತ್ತಗಿದ್ದು, ಕಡಿದು ಗಾಳಿಗಿಟ್ಟ ಮೇಲೆ ಗಟ್ಟಿಯಾಗುತ್ತದೆ. ಮಳೆನೀರು ಇದರೊಳಗೆ ಸಲೀಸಾಗಿ ಇಳಿಯುತ್ತದೆ. ಕೆಳಗೆ ಜೇಡಿಮಣ್ಣು, ಅದರಡಿ ಕರಿಕಲ್ಲು. ಅಲ್ಲಿಂದಾಚೆ ಇಳಿಯಲು ದಾರಿಯಿಲ್ಲದ ನೀರು ಪಕ್ಕಕ್ಕೆ ಸರಿದು ಗುಡ್ಡದ ಅಂಚಿನಲ್ಲಿ ಝರಿಯಾಗಿ ಹೊರಬೀಳುತ್ತದೆ. ಗುರುನಾನಕ್ ಝಿರಾದ ನೀರು, ಪಾಪನಾಶದ ನೀರು ಎಲ್ಲ ಹೀಗೆ ಬಂದದ್ದೇ. ಝರಣಿ ನರಸಿಂಹನ ಗುಹೆಯಲ್ಲಿ ಭಕ್ತರು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಎದೆಮಟ್ಟದ ನೀರಿನಲ್ಲಿ ಸುಮಾರು 300 ಮೀಟರ್ ನಡೆಯುತ್ತಾರೆ.

ಝರಿ ತಾನಾಗಿ ಬರಲಿ ಎಂದು ಕಾಯದೆ ಅದನ್ನು ಗುಡ್ಡದ ಹೊಟ್ಟೆಯೊಳಗಿಂದಲೇ ಕರೆತಂದದ್ದು ನೌಬಾದಿನ ಕರೇಜ್. ಊರವರ ಬಾಯಲ್ಲಿ ಅದು ಸುರಂಗ ಬಾವಿ. ವಿದ್ಯೆ ಇರಾನಿನದು. ಮೇಲಿಂದ ಸಾಲಾಗಿ 21 ಬಾವಿ ತೋಡಿ, ತಳದಲ್ಲಿ ಒಂದಕ್ಕೊಂದು ಸುರಂಗ ಜೋಡಿಸಿದ್ದಾರೆ. ಬಾವಿಗಳು ಸೇದುವುದಕ್ಕಷ್ಟೇ ಅಲ್ಲ, ಒಳಗಿನವರಿಗೆ ಗಾಳಿ ಬರಲು, ಅಗೆದ ಮಣ್ಣು ಮೇಲೆತ್ತಲು. ಸುಮಾರು 3 ಕಿಲೋಮೀಟರ್ ಉದ್ದಕ್ಕೂ ಇಳಿಜಾರು ತೀರಾ ಸಣ್ಣದು. ಹೆಚ್ಚಾದರೆ ನೀರು ರಭಸಕ್ಕೆ ಗೋಡೆ ಕೊರೆಯುತ್ತದೆ, ಕಡಿಮೆಯಾದರೆ ಹೂಳು ಕೂರುತ್ತದೆ. ಏತವಿಲ್ಲ, ಎತ್ತಿಲ್ಲ, ನೀರು ತಾನೇ ನಡೆದು ಬರುತ್ತದೆ. ಇದರ ನಕ್ಷೆ ಬರೆದವರು ಕೇರಳದ ಭೂಗೋಳ ವಿದ್ವಾಂಸ ವಳ್ಳಿಯಿಲ್ ಗೋವಿಂದನ್‌ಕುಟ್ಟಿ.

ಆಮೇಲಿನ ಕಥೆ ನಮ್ಮ ಕಾಲದ್ದು. ಬಾವಿಗಳು ಕಸದ ಗುಂಡಿಗಳಾದವು. 2015ರ ಸುಮಾರಿಗೆ ಜಿಲ್ಲಾಡಳಿತ ಹೂಳೆತ್ತಿಸಿದಾಗ ನೀರು ಮತ್ತೆ ಕಾಣಿಸಿಕೊಂಡಿತು. ವಿಶ್ವ ಸ್ಮಾರಕ ನಿಧಿ 2020ರ ತನ್ನ ಪಟ್ಟಿಯಲ್ಲಿ ದಖನ್ ಪ್ರಸ್ಥಭೂಮಿಯ ಪುರಾತನ ಜಲವ್ಯವಸ್ಥೆಗಳನ್ನು ಸೇರಿಸಿತು.

ಅಗೆತವೇನೂ ನಿಂತಿಲ್ಲ, ದಿಕ್ಕು ತಿರುಗಿದೆ ಅಷ್ಟೆ. ಹಿಂದಿನವರು ನೀರಿಗಾಗಿ ಕಲ್ಲು ಅಗೆದರು. ಈಗ ಇಟ್ಟಿಗೆಗೆ, ರಸ್ತೆಯ ಮೊರಮ್ಮಿಗೆ ಗುಡ್ಡ ಕಡಿಯುವಾಗ ಮಳೆ ಹಿಡಿದಿಡುವ ಪದರವೇ ಲಾರಿ ಏರುತ್ತದೆ. ಬೋರ್‌ವೆಲ್ಲುಗಳು ಝರಿಗೆ ಬರಬೇಕಾದ ಪಾಲನ್ನು ಮೊದಲೇ ಎಳೆದುಕೊಳ್ಳುತ್ತವೆ. ಸುರಂಗ ಎಲ್ಲಿ ಹಾದಿದೆಯೆಂದು ತಿಳಿಯದೆ ಮನೆಗೆ ಪಾಯ ತೋಡಿದರೆ ಇನ್ನೂ ಕಷ್ಟ. ಒಂದು ಕಡೆ ಕುಸಿದರೂ ಸಾಕು, ಮೇಲಿನ ನೀರು ಅಲ್ಲೇ ತಡೆದು ನಿಲ್ಲುತ್ತದೆ. ಬಿಡಿಸಬೇಕೆಂದರೆ ಜನ ಒಳಗಿಳಿದು ಬುಟ್ಟಿ ಬುಟ್ಟಿ ಮಣ್ಣು ಮೇಲಕ್ಕೆ ಸಾಗಿಸಬೇಕು.